ಸಂದು ತುಂಬುವ ಕೆಲಸ

ಹಳೆಯ ನಗರಗಳನ್ನು ನೋಡಲು ಹೋದವರು ಮೊದಲು ತಲೆಯೆತ್ತಿ ನೋಡುತ್ತಾರೆ. ಗುಮ್ಮಟ, ಮಿನಾರು, ಗೋಪುರ, ಕೋಟೆಯ ಬುರುಜು ಇವೇ ಅವರ ಕಣ್ಣನ್ನು ಸೆಳೆಯುತ್ತವೆ. ಇತಿಹಾಸಕಾರರು ಅದಕ್ಕಿಂತ ತುಸು ಕೆಳಗೆ, ಗೋಡೆಯ ಶಾಸನದವರೆಗೆ, ದೃಷ್ಟಿಯನ್ನು ಇಳಿಸುತ್ತಾರೆ. ತಾವು ನಿಂತಿರುವ ನೆಲವನ್ನು ನೋಡುವವರು ವಿರಳ. ಆ ನೆಲದ ಎರಡು ಕಲ್ಲುಗಳ ನಡುವೆ ಇರುವ ಬೆರಳಗಲದ ಗೆರೆಯನ್ನು ನೋಡುವವರಂತೂ ಇಲ್ಲವೆಂದೇ ಹೇಳಬೇಕು. ಆದರೆ ಒಂದು ನಾಡಿನ ಜನ ಹೇಗೆ ಬಾಳಿದರು, ಯಾವುದನ್ನು ಬೆಲೆಯುಳ್ಳದ್ದೆಂದು ತಿಳಿದರು, ಯಾವುದನ್ನು ಮರೆತರು ಎಂಬುದು ಆ ಗೆರೆಯಲ್ಲಿಯೂ ಬರೆದಿರುತ್ತದೆ. ಕನ್ನಡದಲ್ಲಿ ಅದನ್ನು ಸಂದು ಎನ್ನುತ್ತೇವೆ. ನಮ್ಮ ಕಲಬುರಗಿ ಸೀಮೆಯಲ್ಲಿ ಈ ಸಂದು ನಡೆದು ಬಂದ ದಾರಿಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂಬುದು ನನ್ನ ಇಂದಿನ ಉದ್ದೇಶ.

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ಒಂದೇ ಸೂರಿನ ಕೆಳಗಿನ ದೊಡ್ಡ ಅಂಗಡಿಯಲ್ಲ. ಊರಿನ ನಡುವೆ ಇರುವ ಒಂದು ಪೇಟೆಗೇ ಆ ಹೆಸರು. ಹೊರ ಊರಿನವರು ಹೆಸರು ಕೇಳಿ ಬೇರೊಂದನ್ನು ನಿರೀಕ್ಷಿಸಿ ಬಂದು, ಅಂಗಡಿ ಸಾಲುಗಳ ಜನಜಂಗುಳಿಯನ್ನು ಕಂಡು ಬೆರಗಾಗುವುದುಂಟು. ಈ ಪೇಟೆಯ ಬೀದಿಗಳಲ್ಲಿ ಈಚೆಗೆ ಒಂದು ಸಣ್ಣ ಪೊಟ್ಟಣ ನನ್ನ ಗಮನವನ್ನು ಸೆಳೆಯಿತು. ಒಂದು ಕಿಲೋ ತೂಕದ ಪುಡಿ. ಬಿಳಿ, ಬೂದು, ಕಂದು, ದಂತವರ್ಣ ಹೀಗೆ ನಾನಾ ಬಣ್ಣ. ನೆಲಕ್ಕೆ ಟೈಲ್ಸ್ ಹಾಕಿದ ಮೇಲೆ ಅವುಗಳ ನಡುವಣ ಸಂದಿಗೆ ತುಂಬುವ ಈ ವಸ್ತುವಿಗೆ ಗ್ರೌಟ್ ಎಂದು ಹೆಸರು. ನಮ್ಮ ಮನೆಯ ಎರಡು ಕೋಣೆಗಳಿಗೆ ಟೈಲ್ಸ್ ಹಾಕಿಸಿದಾಗ ನಾನೂ ಅಂಥ ನಾಲ್ಕು ಪೊಟ್ಟಣಗಳನ್ನು ತಂದೆ.

ಕೆಲಸ ನೋಡುವುದಕ್ಕೆ ಸರಳ. ಟೈಲ್ಸ್ ಕೂರಿಸಿ ಒಂದು ದಿನವಾದರೂ ಕಳೆಯಬೇಕು. ಸಂದುಗಳೊಳಗಿನ ದೂಳನ್ನೂ ಉಕ್ಕಿ ಬಂದ ಸಿಮೆಂಟನ್ನೂ ಕೆರೆದು ತೆಗೆಯಬೇಕು. ಪುಡಿಯನ್ನು ಶುದ್ಧ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೆಲವು ನಿಮಿಷ ಬಿಟ್ಟು, ಮತ್ತೊಮ್ಮೆ ಕಲಸಬೇಕು. ರಬ್ಬರಿನ ಹಲಗೆಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಬೇಕು. ಸಂದಿನ ನೇರಕ್ಕೆ ಎಳೆದರೆ ಹಲಗೆಯ ಅಂಚು ಒಳಗಿಳಿದು ತುಂಬಿದ್ದನ್ನೇ ಬಾಚಿಕೊಂಡು ಬರುತ್ತದೆ. ಕಾಲು ಗಂಟೆಯ ಮೇಲೆ, ಹಿಂಡಿದ ಸ್ಪಂಜಿನಿಂದ ಮತ್ತೆ ಓರೆಯಾಗಿಯೇ ಒರೆಸಬೇಕು. ಮರುದಿನ ಮೇಲೆ ಕಾಣುವ ಬೂದಿಯಂಥ ಪೊರೆಯನ್ನು ಒಣಬಟ್ಟೆಯಿಂದ ತಿಕ್ಕಿದರೆ ಕೆಲಸ ಮುಗಿಯಿತು. ನೀರು ಹೆಚ್ಚಾದರೆ ತುಂಬಿದ್ದು ಒಣಗಿ ಕುಗ್ಗುತ್ತದೆ, ಬಿರಿಯುತ್ತದೆ, ಬಣ್ಣ ಪೇಲವವಾಗುತ್ತದೆ. ಆದ್ದರಿಂದ ಈ ಕೆಲಸದ ಗುಟ್ಟೆಲ್ಲ ನೀರಿನ ಅಳತೆಯಲ್ಲಿದೆ.

ಗ್ರೌಟ್ ಎಂಬ ಇಂಗ್ಲಿಷ್ ಮಾತಿನ ಮೂಲವನ್ನು ಹುಡುಕಿದಾಗ ನನಗೆ ಸಂತೋಷವಾಯಿತು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ನುಚ್ಚು, ತರಿಹಿಟ್ಟು ಎಂಬ ಅರ್ಥವಿದ್ದಿತು. ನುಚ್ಚಿನ ಗಂಜಿಯಂತೆ ತೆಳುವಾಗಿ ಕಲಸಿದ್ದು ಎಂಬ ಹೋಲಿಕೆಯಿಂದ ಗಾರೆಗೆ ಆ ಹೆಸರು ಬಂದಿರಬೇಕು. ಅಡುಗೆಯ ಮನೆಯ ಮಾತು ಗಾರೆಯವನ ಬಾಂಡ್ಲಿಗೆ ಇಳಿದುದು ಹೀಗೆ. ಈ ನಂಟು ಬರಿಯ ಮಾತಿನ ನಂಟಲ್ಲ ಎಂಬುದನ್ನು ಮುಂದೆ ನೋಡೋಣ.

ಬದುಕಿನುದ್ದಕ್ಕೂ ಕನ್ನಡ ವ್ಯಾಕರಣವನ್ನು ಪಾಠ ಹೇಳಿದವನಿಗೆ ಸಂದು ಎಂದೊಡನೆ ಸಂಧಿ ನೆನಪಾಗುವುದು ಸಹಜ. ಸಂದು ಸಂಧಿಯ ತದ್ಭವವೇ ತಾನೆ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ಸಂಧಿಪ್ರಕರಣವನ್ನೇ ಮೊದಲಿಗೆ ಇಟ್ಟನು. ಎರಡು ಅಕ್ಷರಗಳು ಕೂಡುವಲ್ಲಿ ಒಂದು ಅಳಿಯಬಹುದು, ಅದು ಲೋಪ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ. ಹೊಸದೊಂದು ಬಂದು ನಡುವೆ ನಿಲ್ಲಬಹುದು, ಅದು ಆಗಮ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ. ಒಂದರ ಜಾಗಕ್ಕೆ ಇನ್ನೊಂದು ಬರಬಹುದು, ಅದು ಆದೇಶ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಕಲ್ಲುಕುಟಿಗನೂ ಈ ಮೂರನ್ನೇ ಮಾಡುತ್ತಾನೆ. ಅಂಚನ್ನು ಕೆತ್ತಿ ಕಲ್ಲಿಗೆ ಕಲ್ಲನ್ನು ಬಿಗಿಯಾಗಿ ಕೂಡಿಸಿದರೆ ಲೋಪ; ನಡುವೆ ಗಾರೆ ತುಂಬಿದರೆ ಆಗಮ; ಹಳೆಯ ಸುಣ್ಣವನ್ನು ಕೆರೆದು ಸಿಮೆಂಟ್ ತುಂಬಿದರೆ ಆದೇಶ. ಮನೆಯಲ್ಲಿ ಎಂಬ ಮಾತಿನಲ್ಲಿ ನಡುವಣ ಯಕಾರಕ್ಕೆ ತನ್ನದೇ ಆದ ಅರ್ಥವಿಲ್ಲ. ಆದರೂ ಅದಿಲ್ಲದೆ ನಾಲಗೆ ಎಡವುತ್ತದೆ. ಸಂದಿಗೆ ತುಂಬುವ ವಸ್ತುವಿನ ಪಾಡೂ ಅಷ್ಟೆ.

ಈಗ ನಮ್ಮ ನೆಲದ ಕಡೆಗೆ ಬರೋಣ. ಕಲಬುರಗಿ ಜಿಲ್ಲೆಯು ಎರಡು ಬಗೆಯ ಕಲ್ಲುಗಳ ಸಂದಿನ ಮೇಲೆ ಕುಳಿತಿದೆ ಎಂದರೆ ತಪ್ಪಾಗದು. ಉತ್ತರಕ್ಕೆ, ಆಳಂದ ಮತ್ತು ಕಮಲಾಪುರಗಳ ಕಡೆಗೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಅಗ್ನಿಶಿಲೆಯ ಕಪ್ಪುಕಲ್ಲು. ದಕ್ಷಿಣಕ್ಕೆ, ಶಹಾಬಾದ, ಚಿತ್ತಾಪುರ, ಸೇಡಂಗಳ ಕಡೆಗೆ, ಅದಕ್ಕಿಂತಲೂ ಎಷ್ಟೋ ಪಾಲು ಹಳೆಯದಾದ, ಕಡಲಿನ ತಳದಲ್ಲಿ ಪದರ ಪದರವಾಗಿ ಕೂಡಿಬಂದ ಸುಣ್ಣಕಲ್ಲು. ಕಪ್ಪುಕಲ್ಲು ಗುಂಡು ಗುಂಡಾಗಿ ಒಡೆಯುತ್ತದೆ. ಗೋಡೆಗೆ ಒಳ್ಳೆಯದು, ಹಾಸಿಗೆಗೆ ಒಗ್ಗದು. ಸುಣ್ಣಕಲ್ಲು ಹಾಗಲ್ಲ. ಪದರದ ನಡುವೆ ಉಳಿಯಿಟ್ಟು ಎಬ್ಬಿಸಿದರೆ ಹಪ್ಪಳದಂತೆ ಅಗಲವಾಗಿ, ಮಟ್ಟಸವಾಗಿ ಏಳುತ್ತದೆ. ಶಹಾಬಾದ್ ಕಲ್ಲು ಎಂದು ನಾಡೆಲ್ಲ ಕರೆಯುವ ಫರಸಿ ಇದೇ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಕ್ಕುತ್ತದೆ. ನನ್ನ ಬಾಲ್ಯದಲ್ಲಿ ಆ ಕಡೆಯ ಹಳ್ಳಿಗಳ ಬಂಧುಗಳ ಮನೆಗಳಲ್ಲಿ ನಾನು ಕಂಡ ನೆಲವೆಂದರೆ ಮಣ್ಣಿನ ನೆಲ. ಗೋಡೆ ಕಪ್ಪುಕಲ್ಲಿನದು; ನೆಲ ಬಡಿದು ಗಟ್ಟಿಮಾಡಿದ ಮಣ್ಣು, ಅದರ ಮೇಲೆ ಸೆಗಣಿಯ ಸಾರಣೆ. ಅದರಲ್ಲಿ ಸಂದೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಹಾಸು. ಆದರೆ ಆ ಅಖಂಡತೆಗೆ ತೆರಬೇಕಾದ ಬೆಲೆ ದೊಡ್ಡದು. ವಾರ ವಾರ ಸಾರಿಸಬೇಕು. ಹಬ್ಬಕ್ಕೆ ಮುನ್ನ ಕಿತ್ತ ಕಡೆಯಲ್ಲೆಲ್ಲ ಮಣ್ಣು ಮೆತ್ತಬೇಕು. ಆ ಬೆಲೆಯನ್ನು ತೆತ್ತವರು ಮನೆಯ ಹೆಂಗಸರು, ಮೊಣಕಾಲೂರಿ, ಜೀವಮಾನವಿಡೀ. ಸಂದಿಲ್ಲದ ನೆಲವನ್ನು ಇಡಿಯಾಗಿಯೇ ಮತ್ತೆ ಮತ್ತೆ ಹೊಸದು ಮಾಡಬೇಕಾಗುತ್ತದೆ. ಕಲ್ಲು ಹಾಸಿದ ನೆಲದಲ್ಲಿಯಾದರೆ ಕಲ್ಲು ತಲೆಮಾರುಗಳ ಕಾಲ ಉಳಿದು, ಸಂದನ್ನು ಮಾತ್ರ ಆಗಾಗ ಹೊಸದು ಮಾಡಿದರೆ ಸಾಕು. ಈ ದೃಷ್ಟಿಯಿಂದ ನೋಡಿದರೆ ಸಂದು ನೆಲದ ಕುಂದಲ್ಲ. ಮನೆಯು ದುರಸ್ತಿಗೆಂದು ಬಿಟ್ಟುಕೊಟ್ಟ ಜಾಗ.

ಸುಣ್ಣಕಲ್ಲಿನ ಈ ಪದರಗಳನ್ನು ನಮ್ಮವರು ಎಂದಿನಿಂದ ಎಬ್ಬಿಸುತ್ತಿದ್ದಾರೆ? ಭೀಮಾ ತೀರದ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪದ ಶಿಲ್ಪಫಲಕಗಳು ಸುಣ್ಣಕಲ್ಲಿನವೇ. ಅಶೋಕನ ಹೆಸರನ್ನೇ ಬ್ರಾಹ್ಮಿಯಲ್ಲಿ ಬರೆದಿರುವ ಆತನ ಶಿಲ್ಪವಿರುವುದು ಅಂಥ ಫಲಕದ ಮೇಲೆ. ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವನ್ನು ಪೋಷಿಸಿದ ಊರಿನ ಅಡಿಗಲ್ಲು ಇದೇ ಪದರದ ಕಲ್ಲು ಎಂಬುದನ್ನು ನೆನೆದಾಗ ಮೇಷ್ಟರಾದ ನನ್ನಂಥವನಿಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಸಂದಿಗೆ ತುಂಬುತ್ತಿದ್ದ ಗಚ್ಚಿನ ವಿಚಾರ. ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಡುತ್ತಾರೆ. ಅಪ್ಪಟ ಸುಣ್ಣಕಲ್ಲಾದರೆ 100 ಕಿಲೋ ಕಲ್ಲಿನಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಿ, 56 ಕಿಲೋ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಬೆರೆಸಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ತಿರುತಿರುಗಿಸಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಮುಂತಾದವನ್ನು ಸೇರಿಸುವ ವಾಡಿಕೆಯೂ ಇದ್ದಿತು. ಹೀಗೆ ಸಿದ್ಧವಾದ ಗಚ್ಚನ್ನು ಸಂದಿಗೆ ತುಂಬಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಗಟ್ಟಿಯಾಗಿ ಏನಾಗುತ್ತದೆ? ಮರಳಿ ಸುಣ್ಣಕಲ್ಲೇ ಆಗುತ್ತದೆ. ಕಲ್ಲು ಬೆಂದು, ಪುಡಿಯಾಗಿ, ಕರಗಿ, ಮತ್ತೆ ಕಲ್ಲಾಗಿ ತನ್ನ ಒಡಹುಟ್ಟಿದ ಕಲ್ಲುಗಳ ನಡುವೆ ನಿಲ್ಲುತ್ತದೆ. ಹಳೆಯ ಕಲಬುರಗಿಯ ಮನೆಗಳಲ್ಲಿ ಹಾಸಿದ್ದೂ ತುಂಬಿದ್ದೂ ಒಂದೇ ಜಾತಿಯ ಕಲ್ಲು.

ಆದರೆ ತುಂಬಿದ್ದು ಹಾಸಿದ್ದಕ್ಕಿಂತ ಮೆತ್ತಗಿರುತ್ತಿದ್ದಿತು. ಇದು ನ್ಯೂನತೆಯಲ್ಲ, ಜಾಣ್ಮೆ. ಬೇಸಗೆಯಲ್ಲಿ ಕಲ್ಲು ಹಿಗ್ಗಿದರೆ ಗಚ್ಚು ತುಸು ಸರಿದು ಎಡೆಕೊಡುತ್ತದೆ. ಮಳೆಗಾಲದಲ್ಲಿ ಕೆಳಗಿನ ನೆಲದಿಂದ ಏರಿದ ತೇವ ಕಲ್ಲನ್ನು ಕಾಡದೆ ಸಂದಿನ ಮೂಲಕ ಆವಿಯಾಗಿ ಹೋಗುತ್ತದೆ. ಉಪ್ಪು ಕಟ್ಟಿದರೆ ಗಚ್ಚು ಉದುರುತ್ತದೆ, ಕಲ್ಲು ಉಳಿಯುತ್ತದೆ. ಉದುರಿದ ಗಚ್ಚನ್ನು ಗೌಂಡಿ ಬಂದು ಒಂದು ಮಧ್ಯಾಹ್ನದಲ್ಲಿ ತುಂಬಿ ಹೋಗುತ್ತಾನೆ. ಬೆಲೆಬಾಳುವುದನ್ನು ಉಳಿಸಲು ಅಗ್ಗದ್ದು ಅಳಿಯಲಿ ಎಂಬ ಈ ತತ್ತ್ವವನ್ನು ಯಾರೂ ಪುಸ್ತಕದಲ್ಲಿ ಬರೆದು ಕಲಿಸಲಿಲ್ಲ. ಕೈಯಿಂದ ಕೈಗೆ ಬಂದ ತಿಳಿವಳಿಕೆ ಅದು.

ಆ ಕೈಗಳು ಆಡಿದ ಮಾತುಗಳನ್ನು ಗಮನಿಸಿರಿ. ಕಲ್ಲು ಅಚ್ಚಗನ್ನಡ. ಸುಣ್ಣವು ಸಂಸ್ಕೃತದ ಚೂರ್ಣದಿಂದ ಪ್ರಾಕೃತದ ಹಾದಿಯಲ್ಲಿ ಬಂದದ್ದು. ಫರಸಿಯು ನೆಲಹಾಸು ಎಂಬ ಅರ್ಥದ ಅರಬ್ಬಿಯ ಫರ್ಶ್. ಗಚ್ಚಿಗೆ ಪಾರಸಿಯ ಗಚ್ ಎಂಬುದರ ನಂಟು. ಇಟ್ಟಿಗೆಯ ಪುಡಿ ಸುರ್ಖಿ, ಕೆಂಪು ಎಂಬ ಅರ್ಥದ ಪಾರಸಿಯ ಸುರ್ಖ್‌ನಿಂದ. ಕೆಲಸಗಾರ ಗೌಂಡಿ, ಮರಾಠಿಯ ಗವಂಡಿ. ಮರಾಠಿಯವರು ಸಂದು ತುಂಬುವುದಕ್ಕೆ ದರಜಾ ಭರಣೆ ಎನ್ನುತ್ತಾರೆ. ಆ ದರಜೂ ಪಾರಸಿಯ ದರ್ಜ್, ಎಂದರೆ ಬಟ್ಟೆಯ ಹೊಲಿಗೆ. ನಮ್ಮ ದರ್ಜಿಯೂ ಅದೇ ಬೇರಿನವನು. ಹತ್ತಡಿ ಅಗಲದ ಒಂದು ಕೋಣೆಯ ನೆಲದಲ್ಲಿ ಇಷ್ಟು ನುಡಿಗಳು ಬಂದು ಕೂಡಿವೆ. ಯಾವ ಸಭೆಯೂ ಕೂಡಿ ತೀರ್ಮಾನಿಸಿದ್ದಲ್ಲ, ಕೆಲಸ ಕೂಡಿಸಿತು.

ಇವು ಬಂದುದು ಯಾವಾಗ ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಇಲ್ಲಿನ ಕೋಟೆಯೊಳಗಿನ ಜಾಮಿ ಮಸೀದಿಯ ಕಾಲ 1367. ತೆರೆದ ಅಂಗಳವನ್ನೇ ಬಿಡದೆ ಇಡಿಯಾಗಿ ಕಮಾನು, ಗುಮ್ಮಟಗಳಿಂದ ಮುಚ್ಚಿದ ಆ ಅಪರೂಪದ ಕಟ್ಟಡ ಆರೂವರೆ ಶತಮಾನ ನಿಂತಿರುವುದು ಕಲ್ಲಿನ ಬಲದಿಂದಷ್ಟೇ ಅಲ್ಲ, ಗಚ್ಚಿನ ಬಲದಿಂದಲೂ ಹೌದು. 1420ರ ದಶಕದಲ್ಲಿ ರಾಜಧಾನಿ ಬೀದರಿಗೆ ಸರಿಯಿತು. ಅಲ್ಲಿ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದ್ರಸದ ಮುಖಭಿತ್ತಿಗೆ ಬಣ್ಣಬಣ್ಣದ ಮೆರುಗಿನ ಬಿಲ್ಲೆಗಳನ್ನು ಗಚ್ಚಿನ ಮೇಲೆ ಕೂರಿಸಿದರು. ನಮ್ಮ ಸೀಮೆಯವರು ಟೈಲ್ಸ್ ಎಂಬುದನ್ನು ಕಂಡುದು ನಿನ್ನೆ ಮೊನ್ನೆಯಲ್ಲ. ಐದೂವರೆ ಶತಮಾನಗಳ ಹಿಂದೆ. 17ನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಮದ್ರಸದ ಒಂದು ಭಾಗವೇ ಹಾರಿಹೋಯಿತು. ಆದರೂ ಉಳಿದ ಭಿತ್ತಿಯ ಮೇಲೆ ನೀಲಿ, ಹಸಿರು, ಬಿಳಿಯ ಬಿಲ್ಲೆಗಳು ಇಂದಿಗೂ ಅಲ್ಲಲ್ಲಿ ಅಂಟಿಕೊಂಡಿವೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿ ಅಲ್ಲಿಗೆ ಹೋಗುವವರಿಗೆ ಆ ಬಿಲ್ಲೆಗಳು ಬೇರೆಯಾಗಿಯೇ ಕಾಣುತ್ತವೆ.

ಆದರೆ ಬೆಸೆಯುವ ವಿದ್ಯೆ ಹೊರಗಿನಿಂದಲೇ ಬಂದಿತೆಂದು ತಿಳಿಯಬಾರದು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪವನ್ನು ಕುರಿತ ಒಂದು ಅಧ್ಯಾಯವೇ ಇದೆ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ, ಅಂದಿನ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಚಿತ್ರಭಿತ್ತಿಯನ್ನು ಸಿದ್ಧಪಡಿಸುವ ಕ್ರಮವನ್ನು ಹೇಳುವಾಗ, ತೊಗಲನ್ನು ಬೇಯಿಸಿ ತೆಗೆದ ಅಂಟಿನ ವಜ್ರಲೇಪವನ್ನು ವಿವರಿಸಿದ್ದಾನೆ. ಹೊರ ಪ್ರಪಂಚದಲ್ಲಿಯೂ ಇದೇ ಹುಡುಕಾಟ. ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆ ತನ್ನ ವಾಸ್ತುಗ್ರಂಥದ ಏಳನೆಯ ಭಾಗವನ್ನು ನೆಲಹಾಸಿನಿಂದಲೇ ಆರಂಭಿಸುತ್ತಾನೆ. ಬಿಲ್ಲೆಗಳ ಕೆಳಗಣ ಹಾಸಿಗೆ ಮೂರು ಪಾಲು ಹಂಚಿನ ಪುಡಿ, ಒಂದು ಪಾಲು ಸುಣ್ಣ ಎಂಬುದು ಅವನ ಲೆಕ್ಕ; ಅದು ನಮ್ಮ ಸುರ್ಖಿ ಗಚ್ಚೇ. ಚೀನಾದವರು ತಮ್ಮ ಹಳೆಯ ಕೋಟೆಗೋಡೆಗಳಲ್ಲಿ ಸುಣ್ಣಕ್ಕೆ ಅಂಟಕ್ಕಿಯ ಗಂಜಿಯನ್ನು ಬೆರೆಸುತ್ತಿದ್ದರೆಂದು ಅಲ್ಲಿನ ವಿಜ್ಞಾನಿಗಳು ಹಳೆಯ ಗಾರೆಯನ್ನು ಪರೀಕ್ಷಿಸಿ ತೋರಿಸಿದ್ದಾರೆ. ಅಕ್ಕಿಯ ಪಿಷ್ಟವು ಸುಣ್ಣದ ಹರಳುಗಳನ್ನು ನುಣ್ಣಗೂ ಒತ್ತಾಗಿಯೂ ಬೆಳೆಯುವಂತೆ ಮಾಡುತ್ತದೆಯಂತೆ. ಇಂಗ್ಲಿಷರು ಗಂಜಿಯ ಹೆಸರನ್ನು ಗಾರೆಗೆ ಇಟ್ಟರು. ಚೀನೀಯರು ಗಂಜಿಯನ್ನೇ ಗಾರೆಗೆ ಹೊಯ್ದರು!

ಈ ಹಳೆಯ ಕ್ರಮ ಬದಲಾದುದು ರೈಲಿನೊಡನೆ. 1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿ ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿಗಳನ್ನು ಹಾದು ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ಕವಲುದಾರಿ ತೆರೆಯಿತು. ಎತ್ತಿನ ಗಾಡಿ ಮುಟ್ಟುವಷ್ಟು ದೂರವೇ ತನ್ನ ಲೋಕವಾಗಿದ್ದ ಫರಸಿ ಈಗ ದೂರದ ನಗರಗಳ ಮನೆ, ಅಂಗಡಿ, ಶಾಲೆ, ನಿಲ್ದಾಣಗಳ ನೆಲವಾಯಿತು. ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಶಹಾಬಾದಿ ಎಂದರೆ ಊರಿನ ಹೆಸರಲ್ಲ, ನೆಲದ ಹೆಸರು.

ರೈಲಿನ ಬೆನ್ನಿಗೆ ಸಿಮೆಂಟ್ ಬಂದಿತು. ಜೋಸೆಫ್ ಆಸ್ಪ್‌ಡಿನ್ ಎಂಬ ಇಂಗ್ಲೆಂಡಿನ ಗಾರೆಕೆಲಸದವನು 1824ರಲ್ಲಿ ತನ್ನ ಪುಡಿಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಎಂದು ಹೆಸರಿಟ್ಟು ಹಕ್ಕುಪತ್ರ ಪಡೆದನು. ಗಟ್ಟಿಯಾದಾಗ ಅದು ಪೋರ್ಟ್‌ಲ್ಯಾಂಡ್ ದ್ವೀಪದ ಕಲ್ಲನ್ನು ಹೋಲುತ್ತಿದ್ದುದೇ ಆ ಹೆಸರಿಗೆ ಕಾರಣ. ಆ ಕಲ್ಲೂ ಸುಣ್ಣಕಲ್ಲೇ. ಭಾರತದಲ್ಲಿ 1914ರಲ್ಲಿ ಪೋರಬಂದರಿನಲ್ಲಿ ಸಿಮೆಂಟ್ ತಯಾರಿಕೆ ನೆಲೆಗೊಂಡಿತು. ನಿಜಾಮರ ಆಳ್ವಿಕೆಯಲ್ಲಿಯೇ ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಸಂಸ್ಥೆ ಹುಟ್ಟಿತು; 1968ರಲ್ಲಿ ವಾಡಿಯಲ್ಲಿ ಆ ಸಂಸ್ಥೆಯ ಕಾರ್ಖಾನೆ ಎದ್ದಿತು. ಮುಂದೆ ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳಾದವು. ನೃಪತುಂಗನ ರಾಜಧಾನಿಯ ನೆರೆಯಲ್ಲಿ ಇಂದು ಕಾಣುವುದು ಸಿಮೆಂಟಿನ ಚಿಮಣಿ.

ಸಿಮೆಂಟಿನ ಕಚ್ಚಾವಸ್ತುವೂ ಅದೇ ಸುಣ್ಣಕಲ್ಲು. ಜೇಡಿಯಂಥ ಪದಾರ್ಥಗಳನ್ನು ಬೆರೆಸಿ ಸುಮಾರು 1450 ಡಿಗ್ರಿಗಳಲ್ಲಿ ಬೇಯಿಸುವುದರಿಂದ ಅದರ ಗುಣವೇ ಬೇರೆಯಾಗುತ್ತದೆ. ಗಚ್ಚು ಗಾಳಿಯನ್ನು ಉಂಡು ನಿಧಾನವಾಗಿ ಗಟ್ಟಿಯಾದರೆ, ಸಿಮೆಂಟು ನೀರಿನೊಡನೆ ಕೂಡಿ ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ. ಕಾಲಕ್ಕೆ ಬೆಲೆ ಬಂದ ಯುಗಕ್ಕೆ ಇದು ಒಪ್ಪಿತು. ಗಾಣದ ಎತ್ತು, ಸುಣ್ಣದ ಭಟ್ಟಿ, ಸುಣ್ಣಗಾರರ ಕಸುಬು ಒಂದೊಂದಾಗಿ ಮರೆಯಾದವು. ಸಿಮೆಂಟನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಡವನಿಗೂ ಒಣ ನೆಲ, ಭದ್ರವಾದ ಸೂರು ದೊರೆತುದು ಅದರಿಂದ. ಆದರೆ ಸಂದಿನಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಹಾಸಿದ್ದಕ್ಕಿಂತ ಮೆತ್ತಗಿರುತ್ತಿದ್ದ ಸಂದು ಈಗ ಕಲ್ಲಿನೊಡನೆ ಪಂತಕ್ಕೆ ನಿಂತಿತು. ಮೆದುಕಲ್ಲಿನ ಹಳೆಯ ಕಟ್ಟಡದ ಸಂದಿಗೆ ಬಿಗಿಯಾದ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರದಾರಿ ತಪ್ಪುತ್ತದೆ. ಅದು ಕಲ್ಲಿನೊಳಗಿನಿಂದಲೇ ಹೊರಡತೊಡಗಿ ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಕೆಲವು ವರ್ಷಗಳ ಮೇಲೆ ನೋಡಿದರೆ ಸಂದು ಎದ್ದು ನಿಂತಿರುತ್ತದೆ, ಕಲ್ಲು ಒಳಸರಿದಿರುತ್ತದೆ. ಉಳಿಯಬೇಕಾದದ್ದು ಅಳಿದು, ಅಳಿಯಬೇಕಾದದ್ದು ಉಳಿಯುವ ಈ ವಿಪರ್ಯಾಸವನ್ನು ಊರೂರಿನ ಹಳೆಯ ಗುಡಿ, ದರ್ಗಾ, ವಾಡೆಗಳ ದುರಸ್ತಿಯಲ್ಲಿ ನಾನು ಕಂಡಿದ್ದೇನೆ. ಸ್ಮಾರಕಗಳ ರಕ್ಷಣೆಯನ್ನು ಬಲ್ಲವರು ಹಳೆಯ ಗೋಡೆಗೆ ಸುಣ್ಣದ ಗಚ್ಚನ್ನೇ ಬಳಸಬೇಕೆಂದು ಒತ್ತಿ ಹೇಳುವುದು ಇದರಿಂದಲೇ.

ಈಗ ಮೂರನೆಯ ಘಟ್ಟ, ನಮ್ಮ ಕಾಲದ್ದು. ಇಂದು ಸೂಪರ್ ಮಾರ್ಕೆಟಿನ ಸುತ್ತಮುತ್ತ ಹೊಸ ಮನೆ ಕಟ್ಟುವವರು ಕೇಳುವುದು ವಿಟ್ರಿಫೈಡ್ ಟೈಲ್ಸನ್ನು. ಜೇಡಿಮಣ್ಣು, ಕಲ್ಲಿನ ಪುಡಿಗಳನ್ನು ಒತ್ತಿ, ಗಾಜಿನಂತಾಗುವವರೆಗೆ ಸುಟ್ಟ ಬಿಲ್ಲೆ ಅದು. ತೂಕದ ನೂರನೆಯ ಒಂದು ಪಾಲಿನ ಅರ್ಧದಷ್ಟೂ ನೀರನ್ನು ಹೀರದು. ಬಹುಪಾಲು ಬರುವುದು ಗುಜರಾತಿನ ಮೋರ್ಬಿಯಿಂದ. ಕಾಲ ಕೆಳಗೆ ನಾಡಿನ ಅತ್ಯುತ್ತಮ ಹಾಸುಗಲ್ಲಿರುವ ಜಿಲ್ಲೆಗೆ ಸಾವಿರ ಕಿಲೋಮೀಟರಿನ ಆಸುಪಾಸಿನಿಂದ ನೆಲ ಬರುತ್ತಿದೆ. ಅದರ ಹೊಳಪನ್ನೂ ಹಗುರವಾದ ಕೆಲಸವನ್ನೂ ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯಲ್ಲಿಯೂ ಅದೇ ಇದೆ. ನನ್ನನ್ನು ಚಿಂತೆಗೆ ಹಚ್ಚಿದುದು ಕೊಳ್ಳುವವರ ಒಂದು ಬೇಡಿಕೆ. ಸಂದು ಕಾಣಲೇಬಾರದು, ಬಿಲ್ಲೆಗೆ ಬಿಲ್ಲೆ ತಾಗಿಸಿ ಕೂರಿಸಿರಿ ಎಂದು ಎಲ್ಲರೂ ಕೇಳುತ್ತಾರೆ.

ನಮ್ಮ ಮನೆಯ ಕೆಲಸಕ್ಕೆ ಬಂದಿದ್ದ ಗೌಂಡಿಗೆ ಅರುವತ್ತರ ಸಮೀಪ. ತಂದೆಯ ಕಾಲದಲ್ಲಿ ಫರಸಿ ಹಾಸಿದ ಮನೆತನ. ಆತನು ಟೈಲ್ಸಿನ ನಡುವೆ ಎರಡು ಮೂರು ಮಿಲಿಮೀಟರಿನ ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟು ಎಡೆ ಬಿಡುತ್ತಿದ್ದನು. ಗೋಡೆಯ ಬುಡದಲ್ಲಿ ಅದಕ್ಕಿಂತ ಹೆಚ್ಚಿನ ಎಡೆ ಬಿಟ್ಟು, ಅಲ್ಲಿ ಗ್ರೌಟ್ ತುಂಬದೆ, ಬಗ್ಗುವ ರಬ್ಬರಿನಂಥ ಅಂಟನ್ನು ತುಂಬಬೇಕೆಂದನು. ಕಾರಣ ಕೇಳಿದೆ. “ಸಂದು ಬಿಡ್ಲಿಲ್ಲಂದ್ರ ನೆಲ ಎದ್ದು ಬರ್ತದ ನೋಡ್ರಿ” ಎಂದನು. ನಾನು ಆ ಮೇಲೆ ಲೆಕ್ಕ ಹಾಕಿ ನೋಡಿದೆ. ಐದು ಮೀಟರ್ ಉದ್ದದ ನೆಲ, ಚಳಿಗಾಲಕ್ಕೂ ನಮ್ಮ ಕಡೆಯ ಬೇಸಗೆಗೂ ನಡುವೆ ಇಪ್ಪತ್ತು ಡಿಗ್ರಿ ಬಿಸಿಯೇರಿದರೆ, ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಅಷ್ಟೇ ತಾನೆ ಎನ್ನಬಹುದು. ಆದರೆ ಆ ಅರ್ಧ ಮಿಲಿಮೀಟರಿಗೆ ಎಲ್ಲಿಯೂ ಎಡೆಯಿಲ್ಲದಿದ್ದರೆ ಬಿಲ್ಲೆಗಳು ಒಂದನ್ನೊಂದು ಒತ್ತಿ, ಒಂದು ಮಧ್ಯಾಹ್ನ ಢಬ್ಬೆಂಬ ಸದ್ದಿನೊಡನೆ ಗುಡಾರದಂತೆ ಎದ್ದು ನಿಲ್ಲುತ್ತವೆ. ಗೌಂಡಿಯ ಮಾತಿನಲ್ಲಿ ಅವನ ತಂದೆಯ ಗಚ್ಚಿನ ಬುದ್ಧಿ ಉಳಿದಿತ್ತು. ಸಾಮಗ್ರಿ ಮೂರು ಬಾರಿ ಬದಲಾದರೂ ಮೂಲತತ್ತ್ವ ಒಂದೇ: ಬಿಗಿಯಾಗಿ ಕೂಡಿದವುಗಳ ನಡುವೆಯೂ ಬಾಗುವ ಒಂದು ಜಾಗ ಬೇಕು.

ಈ ತಿಳಿವಳಿಕೆ ನಮ್ಮಿಂದ ಜಾರುತ್ತಿದೆ ಎಂಬುದೇ ನನ್ನ ಅಳಲು. ನೂರು ವರ್ಷದ ಫರಸಿ ನೆಲಗಳನ್ನು, ಸಂದು ಕಪ್ಪಾಯಿತು, ಗಚ್ಚು ಉದುರಿತು ಎಂಬ ಕಾರಣಕ್ಕೆ, ಸುತ್ತಿಗೆಯಿಂದ ಒಡೆದು ಎಸೆಯುವುದನ್ನು ಹಳೆಯ ಬಡಾವಣೆಗಳಲ್ಲಿ ನೋಡುತ್ತಿದ್ದೇನೆ. ಆ ಕಲ್ಲುಗಳಿಗೆ ಏನೂ ಆಗಿರುವುದಿಲ್ಲ. ಮೂರು ತಲೆಮಾರುಗಳ ಪಾದಗಳು ನಡೆದು ನುಣುಪಾದ, ಬೇಸಗೆಯಲ್ಲಿ ಮೈಯೊಡ್ಡಿ ಮಲಗಿದರೆ ತಣ್ಣಗಿರುವ ಕಲ್ಲುಗಳು ಅವು. ಅವಕ್ಕೆ ಬೇಕಾದುದು ಒಂದು ಮಧ್ಯಾಹ್ನದ ಕೆಲಸ. ಹಳೆಯದನ್ನು ಕೆರೆದು, ನೀರು ಚಿಮುಕಿಸಿ, ಹೊಸ ಗಚ್ಚು ತುಂಬಿ, ಕೆಲವು ದಿನ ಗೋಣಿ ಹೊದಿಸಿ ತೇವವಾಗಿಡುವುದು. ಹುಳಿಯಂಥ ಆಮ್ಲಗಳನ್ನು ಬಳಸಿ ತೊಳೆಯದಿದ್ದರೆ ಆಯಿತು. ಸುಣ್ಣಕಲ್ಲಿಗೆ ಆಮ್ಲವೇ ವೈರಿ. ಇಷ್ಟಕ್ಕೆ ಬೇಸರಪಟ್ಟು ನಾವು ನೆಲವನ್ನೇ ಎಸೆಯುತ್ತೇವೆ. ಅದರೊಡನೆ ಶಹಾಬಾದ, ಚಿತ್ತಾಪುರ, ಸೇಡಂಗಳ ಗಣಿಗಳಲ್ಲಿ ಬಿಸಿಲು ದೂಳುಗಳ ನಡುವೆ ಉಳಿ ಹಿಡಿದು ಆ ಕಲ್ಲನ್ನು ಎಬ್ಬಿಸಿದ ಹೆಸರಿಲ್ಲದ ಜನರ ದುಡಿಮೆಯನ್ನೂ ಎಸೆಯುತ್ತೇವೆ.

ಕೊನೆಯದಾಗಿ ಒಂದು ಮಾತು. ನಮ್ಮ ಸೀಮೆಯ ಇತಿಹಾಸವೇ ಸಂದುಗಳ ಇತಿಹಾಸ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಡನೆ ಕೂಡಿತು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರಗಳ ಕನ್ನಡ ಭಾಗಗಳು ಮೈಸೂರು ರಾಜ್ಯವನ್ನು ಸೇರಿದವು. ಕನ್ನಡದ ಪಕ್ಕದಲ್ಲಿ ಉರ್ದು, ಮರಾಠಿ, ತೆಲುಗುಗಳನ್ನು ಆಡುತ್ತ ಬಾಳುವ ಜನ ನಾವು. ಸಂದೇ ಕಾಣದಂತೆ ಎಲ್ಲವನ್ನೂ ಒಂದೇ ಹಾಸಾಗಿ ಮಾಡಬೇಕೆಂಬ ಹಂಬಲ ಮನೆಯ ನೆಲದಲ್ಲಿಯೂ ನಾಡಿನ ಬಾಳಿನಲ್ಲಿಯೂ ಆಗಾಗ ತಲೆಯೆತ್ತುತ್ತದೆ. ಅಂಥ ನೆಲಕ್ಕೆ ಏನಾಗುತ್ತದೆಂಬುದನ್ನು ಗೌಂಡಿ ಹೇಳಿದ್ದಾನೆ. ಸಂದು ಬಿಟ್ಟ ಮೇಲೆ ಅದನ್ನು ಬರಿದಾಗಿಯೂ ಬಿಡುವಂತಿಲ್ಲ. ಕಸ ತುಂಬುತ್ತದೆ, ಇರುವೆ ಗೂಡು ಕಟ್ಟುತ್ತದೆ. ತಕ್ಕ ವಸ್ತುವಿನಿಂದ, ತಕ್ಕಷ್ಟು ನೀರಿನಲ್ಲಿ ಕಲಸಿ, ತಾಳ್ಮೆಯಿಂದ ತುಂಬಬೇಕು; ಉದುರಿದಾಗ ಮತ್ತೆ ತುಂಬಬೇಕು. ಮನೆಯಲ್ಲಿ ಹಳೆಯ ಫರಸಿಯ ನೆಲವುಳ್ಳವರು ಅದನ್ನು ಒಡೆಯಿಸುವ ಮುನ್ನ ಒಬ್ಬ ಹಿರಿಯ ಗೌಂಡಿಯನ್ನು ಕರೆದು ಸಂದನ್ನು ತೋರಿಸಿರಿ. ನೆಲ ಹಳೆಯದಾಗಿರುವುದಿಲ್ಲ; ಸಂದು ಮಾತ್ರ ಹಳೆಯದಾಗಿರುತ್ತದೆ.